24 ಸೆಲ್, ವರ್ಷಕ್ಕೆ 20 ಲೀಟರ್ ನೀರು

ಜೋಯಿಡಾ ತಾಲ್ಲೂಕಿನ ಕಾಡಿನೊಳಗೆ ಕರೆಂಟಿನ ಕಂಬ ಮುಟ್ಟದ ಒಂದು ಮಜರೆ. ಅಲ್ಲಿನ ಶಾಲೆಯ ಮಾಡಿನ ಮೇಲೆ 335 ವ್ಯಾಟಿನ 3 ಸೋಲಾರ್ ಪ್ಯಾನೆಲ್, ಒಳಗೆ 12 ವೋಲ್ಟ್, 150 ಎಎಚ್‌ನ 4 ಟ್ಯೂಬುಲರ್ ಬ್ಯಾಟರಿ. ತಿಂಗಳಿಗೊಂದು ಭಾನುವಾರ ದಾಂಡೇಲಿಯಿಂದ ಬೈಕಿನಲ್ಲಿ ಹೋಗಿ ಇದನ್ನು ನೋಡಿಕೊಂಡು ಬರುತ್ತೇವೆ, ನಾನು ಮತ್ತು ನನ್ನ ಗೆಳೆಯ. ಸಂಬಳವಿಲ್ಲದ ಕೆಲಸವಾದರೂ ಲೆಕ್ಕದ ಪುಸ್ತಕ ಇಟ್ಟಿದ್ದೇವೆ.

ದಿನದ ಖರ್ಚು ಹೀಗಿದೆ: 9 ವ್ಯಾಟಿನ 10 ಬಲ್ಬು 4 ಗಂಟೆ ಉರಿದರೆ 360 ವ್ಯಾಟ್-ಅವರ್, 30 ವ್ಯಾಟಿನ 4 ಫ್ಯಾನು 5 ಗಂಟೆ ತಿರುಗಿದರೆ 600, ಟಿ.ವಿ.ಗೆ 160, ಊರಿನವರ ಮೊಬೈಲ್ ಚಾರ್ಜಿಗೆ 300. ಒಟ್ಟು 1,420, ಅಂದರೆ ಒಂದೂವರೆ ಯೂನಿಟ್ಟಿಗೆ ಸ್ವಲ್ಪ ಕಡಿಮೆ. ಬೇಸಿಗೆಯಲ್ಲಿ ಪ್ಯಾನೆಲ್‌ನಿಂದ ಮೂರೂವರೆ ಯೂನಿಟ್ ಸಿಗುತ್ತದೆ, ಚಿಂತೆಯಿಲ್ಲ. ಜುಲೈನ ಮೋಡದಲ್ಲಿ ಒಂದು ಯೂನಿಟ್ ಸಿಕ್ಕರೆ ಪುಣ್ಯ. ಬ್ಯಾಟರಿಗಳಲ್ಲಿ ಹಿಡಿಯುವುದು 7,200 ವ್ಯಾಟ್-ಅವರ್. ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಆಯುಸ್ಸು ಬೇಗ ಕರಗುತ್ತದೆ. ದಿನಕ್ಕೆ 400ರಷ್ಟು ಕೊರತೆ ಬಿದ್ದರೆ 9 ದಿನಕ್ಕೆ ಆ ಅರ್ಧವೂ ಮುಗಿಯುತ್ತದೆ. ಅದಕ್ಕೇ ಜೂನ್ ಬಂದೊಡನೆ ಫ್ಯಾನಿನ ಸ್ವಿಚ್ಚುಗಳಿಗೆ ಟೇಪು ಅಂಟಿಸುತ್ತೇವೆ. ಉಳಿಯುವ ಖರ್ಚು 820. ಮಳೆಯ ಚಳಿಯಲ್ಲಿ ಫ್ಯಾನು ಯಾರಿಗೂ ಬೇಕಿಲ್ಲ.

ಹಳೆಯ ಬ್ಯಾಟರಿಗಳು 3 ವರ್ಷಕ್ಕೇ ಸತ್ತವು. ನೀರು ಇಳಿದದ್ದನ್ನು ನೋಡುವವರಿರಲಿಲ್ಲ. ನೋಡಿದ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಬಾವಿ ನೀರು ಹಾಕಿದ್ದರು. ಅದರಲ್ಲಿನ ಲವಣ, ಕಬ್ಬಿಣದ ಅಂಶ ಬ್ಯಾಟರಿಗೆ ವಿಷ. ಹೊಸ ಸೆಟ್ಟಿಗೆ ಒಂದಕ್ಕೆ 15,000 ರೂಪಾಯಿಯಂತೆ 60,000 ಬಿತ್ತು. ಊರಿನವರು ಅಡಿಕೆ, ಗೇರುಬೀಜ ಮಾರಿ ಕೂಡಿಸಿದ ದುಡ್ಡೂ ಅದರಲ್ಲಿದೆ. ಆ ದುಡ್ಡು ಮತ್ತೆ ಮೂರೇ ವರ್ಷಕ್ಕೆ ಹಾಳಾಗಬಾರದು ಎಂದೇ ನಾವು ಈ ಕೆಲಸ ಹಿಡಿದದ್ದು.

ಒಂದು ಬ್ಯಾಟರಿಯಲ್ಲಿ 6 ಸೆಲ್, ನಾಲ್ಕಕ್ಕೆ 24. ಪ್ರತಿ ಸೆಲ್ಲಿನ ಮುಚ್ಚಳ ತೆಗೆದು, ಹೈಡ್ರೋಮೀಟರಿನ ರಬ್ಬರ್ ಬುಂಡೆ ಒತ್ತಿ ಆಸಿಡ್ ಎಳೆದು, ತೇಲುವ ಗಾಜಿನ ಕೊಳವೆಯ ಗೆರೆಗೆ ಕಣ್ಣು ಸಮನಾಗಿಟ್ಟು ಓದಬೇಕು. ಪೂರ್ತಿ ಚಾರ್ಜಾಗಿದ್ದರೆ ಆಸಿಡ್ಡಿನ ಸಾಪೇಕ್ಷ ಸಾಂದ್ರತೆ 1.240ರ ಆಸುಪಾಸು. 23 ಸೆಲ್ ಸರಿಯಿದ್ದು ಒಂದು ಮಾತ್ರ 1.190 ತೋರಿಸಿದರೆ ಆ ಒಂದೇ ಸೆಲ್ ಉಳಿದೆಲ್ಲವನ್ನೂ ಎಳೆದುಕೊಂಡು ಹೋಗುತ್ತದೆ. ಮೂರು ತಿಂಗಳಿಗೊಮ್ಮೆ ಸೆಲ್ಲಿಗೆ ಸುಮಾರು 200 ಎಂ.ಎಲ್. ಡಿಸ್ಟಿಲ್ಡ್ ವಾಟರ್ ಬೇಕು. ವರ್ಷಕ್ಕೆ 20 ಲೀಟರ್ ತರುತ್ತೇವೆ, 480 ರೂಪಾಯಿ. ಟರ್ಮಿನಲ್ಲಿಗೆ ವ್ಯಾಸಲೀನ್, ಚೆಲ್ಲಿದ ಆಸಿಡ್ಡಿಗೆ ಅಡುಗೆ ಸೋಡಾ, ಕೈಗವಸು, ಫ್ಯೂಸು ಸೇರಿ 400. ಪೆಟ್ರೋಲಿಗೆ 12 ಸಲಕ್ಕೆ 2,400. ಎಲ್ಲಾ ಕೂಡಿ 3,280.

ಈಗಿನ ಸೆಟ್ಟಿಗೆ 5ನೇ ವರ್ಷ ನಡೆಯುತ್ತಿದೆ. 6 ಮುಟ್ಟಿದರೆ ಬ್ಯಾಟರಿಯ ಖರ್ಚು ವರ್ಷಕ್ಕೆ 20,000ದಿಂದ 10,000ಕ್ಕೆ ಇಳಿಯುತ್ತದೆ. ನಮ್ಮ ಖರ್ಚು ಕಳೆದರೂ ಊರಿಗೆ ವರ್ಷಕ್ಕೆ 6,720 ಉಳಿತಾಯ.

ಈ ಲೆಕ್ಕಕ್ಕೆ ಸಿಗದ ಒಂದು ಬಾಬತ್ತಿದೆ. ನಾವು ಬರುವ ಎರಡು ಭಾನುವಾರಗಳ ನಡುವೆ 24 ಸೆಲ್ ಓದಿ ನೋಟುಬುಕ್ಕಿನಲ್ಲಿ ಬರೆಯುವವಳು ಆ ಮಜರೆಯ ಪಿಯುಸಿ ಓದಿದ ಹುಡುಗಿ. ಮೊದಲ ಸಲ ಹೈಡ್ರೋಮೀಟರ್ ಹಿಡಿದಾಗ ಅವಳ ಕೈ ನಡುಗಿತ್ತು. ಕಳೆದ ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿ ಫೋನ್ ಮಾಡಿದ್ದಳು: “ಅಣ್ಣಾ, 7ನೇ ಸೆಲ್ 1.200ಕ್ಕೆ ಇಳಿದಿದೆ. ಭಾನುವಾರದ ತನಕ ಕಾಯೋದು ಬೇಡ. ಟಿ.ವಿ. ಬಂದ್ ಮಾಡಿಸಿದ್ದೀನಿ.”