ಟ್ರ್ಯಾಕ್ಟರಿನ ಸೂರಿನಡಿಯ ಸದ್ದು

ನಮ್ಮ ಭಾವನವರಿಗೆ ಕಿವಿ ಮಂದವಾಯಿತೆಂಬುದು ಮನೆಯಲ್ಲಿ ಮೊದಲು ತಿಳಿದದ್ದು ಒಂದು ಸೊಪ್ಪಿನ ಕಟ್ಟಿನ ದೆಸೆಯಿಂದ. ಹೊಳೆನರಸೀಪುರದ ಪೇಟೆಗೆ ಹೊರಟವರಿಗೆ ಅಕ್ಕ ಬಾಗಿಲಲ್ಲಿ ನಿಂತು ‘ಬರುವಾಗ ಸೊಪ್ಪು ತನ್ನಿ’ ಎಂದಳು. ಸಂಜೆ ಅವರು ಎರಡು ಪೊಟ್ಟಣ ಉಪ್ಪು ತಂದಿಟ್ಟರು. ಮನೆಮಂದಿಯೆಲ್ಲ ನಕ್ಕರು, ಭಾವನವರೂ ನಕ್ಕರು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದ ನನಗೆ ಮಾತ್ರ ಆ ನಗೆಯಲ್ಲಿ ಸೇರಿಕೊಳ್ಳಲಾಗಲಿಲ್ಲ. ಸೊಪ್ಪಿನಿಂದ ಸಕಾರವನ್ನು ಕಳಚಿದರೆ ಉಳಿಯುವುದು ಹೆಚ್ಚುಕಡಿಮೆ ಉಪ್ಪೇ. ಕಳಚಿದ್ದು ಸಕಾರವೇ ಏಕೆ ಎಂಬುದಕ್ಕೆ ಉತ್ತರ, ಹೇಮಾವತಿ ನಾಲೆಯ ಕೆಳಗಿನ ಗದ್ದೆಗಳಲ್ಲಿ ಅವರು ಮೂವತ್ತು ವರ್ಷ ಓಡಿಸಿದ ಟ್ರ್ಯಾಕ್ಟರಿನಲ್ಲಿತ್ತು.

ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ನಾಳವಿದೆ. ಅದರೊಳಗೆ ಸಾಲಾಗಿ ನಿಂತಿರುವ ರೋಮಕೋಶಗಳು ಸದ್ದಿನ ಅಲುಗಾಟವನ್ನು ನರಗಳಿಗೆ ಮುಟ್ಟಿಸುತ್ತವೆ. ವರ್ಷಗಟ್ಟಲೆ ದೊಡ್ಡ ಸದ್ದಿಗೆ ಒಡ್ಡಿಕೊಂಡರೆ ಅವು ಸಾಯುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಸೆಕೆಂಡಿಗೆ 4000 ಕಂಪನಗಳ ಆಸುಪಾಸಿನ ಏರುಶ್ರುತಿಯನ್ನು ಹಿಡಿಯುವ ಕೋಶಗಳು. ಅ, ಒ, ಉ ಮೊದಲಾದ ಸ್ವರಾಕ್ಷರಗಳ ಬಲವಿರುವುದು ತಗ್ಗಿನ ಶ್ರುತಿಯಲ್ಲಿ. ಸ, ಶ, ಷಗಳ ಬಲವೆಲ್ಲ ಮೇಲೆ. ಆದುದರಿಂದ ಇಂಥವರಿಗೆ ಯಾರೋ ಮಾತನಾಡುತ್ತಿದ್ದಾರೆಂಬುದು ಕೇಳಿಸುತ್ತದೆ, ಏನು ಹೇಳುತ್ತಿದ್ದಾರೆಂಬುದು ಕೇಳಿಸುವುದಿಲ್ಲ. ಮಕ್ಕಳ ಸಣ್ಣ ದನಿ ಇನ್ನೂ ಕಷ್ಟ. ಕನ್ನಡದಲ್ಲಿ ಸದ್ದಿಗೂ ಪದಕ್ಕೂ ‘ಶಬ್ದ’ ಎಂಬ ಒಂದೇ ಹೆಸರಿದೆ. ಭಾವನವರ ವಿಷಯದಲ್ಲಿ ಒಂದು ಶಬ್ದ ಇನ್ನೊಂದನ್ನು ತಿಂದುಹಾಕಿತ್ತು. ಅವರನ್ನು ರೈಲಿನಲ್ಲಿ ಮೈಸೂರಿಗೆ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. ಅಲ್ಲಿ ಬರೆದುಕೊಟ್ಟ ನಕ್ಷೆಯಲ್ಲಿ ಗೆರೆ ಸಮನಾಗಿ ಸಾಗಿ, 4000ದ ಬಳಿ ಹಳ್ಳಕ್ಕೆ ಬಿದ್ದಂತೆ ಕುಸಿದಿತ್ತು.

ಡೆಸಿಬೆಲ್ ಎಂಬ ಅಳತೆಯ ಸ್ವಭಾವವೊಂದನ್ನು ಇಲ್ಲಿ ಹೇಳಲೇಬೇಕು. ಅದು ಮೊಳ ಹಾಕಿದಂತೆ ಕೂಡಿಕೊಂಡು ಹೋಗುವುದಿಲ್ಲ. ಮೂರು ಏರಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ. ದಿನಕ್ಕೆ ಎಂಟು ಗಂಟೆಯ ದುಡಿಮೆಗೆ 85 ಡೆಸಿಬೆಲ್ ಮಿತಿಯಾಗಿರಲಿ ಎಂಬುದು ಶ್ರವಣತಜ್ಞರ ಸಾಮಾನ್ಯ ಅಭಿಮತ. ನಮ್ಮ ದೇಶದ ಕಾರ್ಖಾನೆಗಳಿಗೆ 90 ಎಂದಿದೆ. 85ರ ಲೆಕ್ಕ ಹಿಡಿದರೆ 88ರಲ್ಲಿ ನಾಲ್ಕು ಗಂಟೆ, 91ರಲ್ಲಿ ಎರಡು ಗಂಟೆ, 94ರಲ್ಲಿ ಒಂದೇ ಗಂಟೆ. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನಲ್ಲಿ, ಭಾರ ಎಳೆಯುವಾಗ, ಚಾಲಕನ ಕಿವಿಯ ಬಳಿ ಸಾಮಾನ್ಯವಾಗಿ 90ರಿಂದ 100 ಡೆಸಿಬೆಲ್ ಇರುತ್ತದೆ. ನಾಲೆಗೆ ನೀರು ಬಿಟ್ಟಾಗ ಕೆಸರುಗದ್ದೆಗೆ ಕಬ್ಬಿಣದ ಚಕ್ರ ಕಟ್ಟಿಕೊಂಡು ಇಳಿದವನು ಬೆಳಗಿನಿಂದ ಕತ್ತಲೆಯವರೆಗೆ ಮೇಲೇಳುವುದಿಲ್ಲ. ಹೊಲವು ಕಾರ್ಖಾನೆಯಲ್ಲವಾದ್ದರಿಂದ ಅಲ್ಲಿಗೆ ಯಾವ ತನಿಖಾಧಿಕಾರಿಯೂ ಬರುವುದಿಲ್ಲ. ಅಳೆಯುವ ಯಂತ್ರವಿಲ್ಲದವರಿಗೆ ಒಂದು ಸುಲಭ ಪರೀಕ್ಷೆಯಿದೆ: ಒಂದು ಮಾರು ದೂರದಲ್ಲಿ ನಿಂತವನೊಡನೆ ಕೂಗಿ ಮಾತನಾಡಬೇಕಾಗಿ ಬಂದರೆ ಸದ್ದು ಮಿತಿಯನ್ನು ದಾಟಿದೆ ಎಂದೇ ತಿಳಿಯಬೇಕು. ಆಲೂಗಡ್ಡೆಯ ಕಾಲದಲ್ಲಿ ಹಾಸನದ ಮಾರುಕಟ್ಟೆಗೆ ಸಾಲುಗಟ್ಟಿ ಬರುವ ಟ್ರ್ಯಾಕ್ಟರುಗಳ ನಡುವೆ ನಿಂತು ಈ ಪರೀಕ್ಷೆಯನ್ನು ಯಾರಾದರೂ ಮಾಡಿ ನೋಡಬಹುದು.

ಹಾಗಾದರೆ ಚಾಲಕನ ಸುತ್ತ ಒಂದು ಕ್ಯಾಬಿನ್ ಕಟ್ಟಿದರೆ ಆಯಿತಲ್ಲ ಎಂದು ತೋರುವುದು ಸಹಜ. ಇಲ್ಲಿಯೇ ಮೋಸವಿರುವುದು. ಟ್ರ್ಯಾಕ್ಟರು ಮಗುಚಿ ಚಾಲಕರು ಸಾಯುವುದನ್ನು ತಪ್ಪಿಸಲು ಸ್ವೀಡನ್ನಿನಲ್ಲಿ 1959ರಲ್ಲಿಯೂ, ಬ್ರಿಟನ್ನಿನಲ್ಲಿ 1970ರಲ್ಲಿಯೂ ಹೊಸ ಟ್ರ್ಯಾಕ್ಟರುಗಳಿಗೆ ರಕ್ಷಣಾ ಚೌಕಟ್ಟನ್ನೋ ಕ್ಯಾಬಿನ್ನನ್ನೋ ಕಡ್ಡಾಯಗೊಳಿಸಿದರು. ಪ್ರಾಣಗಳೇನೋ ಉಳಿದವು. ಆದರೆ ತಗಡು ಗಾಜುಗಳ ಆ ಪೆಟ್ಟಿಗೆಯೊಳಗೆ ಸದ್ದು ತಗ್ಗುವ ಬದಲು ಅನೇಕ ಮಾದರಿಗಳಲ್ಲಿ ಏರಿತು. ಕೊನೆಗೆ 1976ರಲ್ಲಿ ಬ್ರಿಟನ್ ಇನ್ನೊಂದು ನಿಯಮ ತಂದು, ಹೊಸ ಕ್ಯಾಬಿನ್ನಿನಲ್ಲಿ ಚಾಲಕನ ಕಿವಿಯ ಬಳಿ 90 ಡೆಸಿಬೆಲ್ ಮೀರಬಾರದೆಂದು ವಿಧಿಸಬೇಕಾಯಿತು. ಜೆಕೊಸ್ಲೊವಾಕಿಯದ ಜೆಟರ್ ಕಂಪನಿ 1960ರ ದಶಕದ ಕೊನೆಯಲ್ಲಿಯೇ ತನ್ನ ಕ್ರಿಸ್ಟಲ್ ಮಾದರಿಗಳಲ್ಲಿ ಕ್ಯಾಬಿನ್ನನ್ನು ರಬ್ಬರಿನ ಮೇಲೆ ಕೂರಿಸಿ, ಟ್ರ್ಯಾಕ್ಟರಿನ ಮೈಯ ನಡುಕದಿಂದ ಬೇರ್ಪಡಿಸಿತ್ತು. ಬೆಂಗಳೂರಿನಲ್ಲಿ ಹುಟ್ಟಿದ ನಮ್ಮ ಎಚ್.ಎಂ.ಟಿ.ಯವರು 1970ರ ದಶಕದ ಆರಂಭದಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರು ಮಾಡತೊಡಗಿದ್ದು ಇದೇ ಜೆಟರ್ ಮನೆತನದ ವಿನ್ಯಾಸದಿಂದ. ನಮ್ಮ ಹೊಲಗಳಿಗೆ ಎಂಜಿನು ಬಂತು, ಕ್ಯಾಬಿನ್ನು ಬರಲಿಲ್ಲ. ನಮ್ಮ ಬಿಸಿಲಿಗೆ, ನಮ್ಮ ಕೈಯ ಕಾಸಿಗೆ ಅದು ಒಗ್ಗುತ್ತಿತ್ತೆಂದೂ ಹೇಳಲಾರೆ.

ನಮ್ಮಲ್ಲಿ ಬಂದದ್ದು ತಗಡಿನ ಸೂರು. ‘ಟಾಪು’ ಎನ್ನುತ್ತಾರೆ. ಚನ್ನರಾಯಪಟ್ಟಣದ ರಸ್ತೆಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ಭಾವನವರೂ ಒಂದನ್ನು ಮಾಡಿಸಿದ್ದರು. ನಾಲ್ಕು ಕೊಳವೆಗಳನ್ನು ಮಡ್‌ಗಾರ್ಡಿಗೆ ನೇರವಾಗಿ ಬೋಲ್ಟು ಹಾಕಿ, ಮೇಲೆ ತಗಡು ಬಡಿದಿದ್ದರು. ಬಿಸಿಲು ತಪ್ಪಿತು, ತಲೆನೋವು ಶುರುವಾಯಿತು. ಅದು ಹಾಗಾಗಲು ಕಾರಣ ಎರಡು. ಬಯಲಿನಲ್ಲಿ ಮೇಲಕ್ಕೆ ಹಾರಿಹೋಗುತ್ತಿದ್ದ ಸದ್ದು ತಗಡಿಗೆ ತಾಗಿ ತಲೆಯ ಮೇಲೆ ಮರಳಿ ಬೀಳುತ್ತದೆ. ಮೇಲಾಗಿ ಮಡ್‌ಗಾರ್ಡಿನ ನಡುಕ ಕೊಳವೆಯಲ್ಲಿ ಏರಿ ತಗಡನ್ನೇ ತಮಟೆಯಾಗಿಸುತ್ತದೆ. ಇಂಥ ಸೂರನ್ನು ಮಗುಚಿದಾಗ ಕಾಪಾಡುವ ಚೌಕಟ್ಟೆಂದು ನಂಬುವವರೂ ಇದ್ದಾರೆ. ಅದು ನೆರಳಿಗೆ ಮಾತ್ರ.

ಅರಕಲಗೂಡಿನ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದ. ಧೂಳಿನ ಕಾಟಕ್ಕೆ ಬೇಸತ್ತು ಮುಂದೆ ಗಾಜು, ಎರಡು ಕಡೆ ಬಾಗಿಲು ಇಟ್ಟು ಪೂರ್ತಿ ಕ್ಯಾಬಿನ್ನನ್ನೇ ಕಟ್ಟಿಸಿದ. ಒಳಗೆ ಕೂರಲಾಗದಷ್ಟು ಗುಂಯ್‌ಗುಟ್ಟತೊಡಗಿತು. ಒಂದಂಗುಲದ ಫೋಮನ್ನು ಸುತ್ತಲೂ ಅಂಟಿಸಿದ; ಕಿರುಗುಟ್ಟುವಿಕೆ ತಗ್ಗಿತು, ಗುಂಯ್‌ಕಾರ ಹಾಗೆಯೇ ಉಳಿಯಿತು. ‘ಸಾರ್, ದುಡ್ಡು ದಂಡವಾಯ್ತು’ ಎಂದು ನನ್ನ ಬಳಿಗೆ ಬಂದ.

ಲೆಕ್ಕ ಬಹಳ ಸರಳ. ಮೂರು ಸಿಲಿಂಡರಿನ ಎಂಜಿನು ನಿಮಿಷಕ್ಕೆ 2000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಸ್ಫೋಟಗಳಾಗುತ್ತವೆ. 50 ಕಂಪನಗಳ ಸದ್ದಿನ ಒಂದು ಅಲೆಯ ಉದ್ದ ಸುಮಾರು 7 ಮೀಟರು. ಏಳು ಮೀಟರಿನ ಅಲೆಗೆ ಒಂದಂಗುಲದ ಫೋಮು ಲೆಕ್ಕಕ್ಕೇ ಇಲ್ಲ. ಆ ಗುಂಯ್‌ಕಾರ ಬಹುಪಾಲು ಗಾಳಿಯಲ್ಲಿ ತೂರಿ ಬಂದದ್ದಲ್ಲ, ಬೋಲ್ಟುಗಳಲ್ಲಿ ಹತ್ತಿ ಬಂದದ್ದು. ಆದುದರಿಂದ ಮೊದಲ ಕೆಲಸ ಕಾಲುಗಳದ್ದು. ಕ್ಯಾಬಿನ್ನು ಟ್ರ್ಯಾಕ್ಟರಿನ ಮೈಗೆ ತಾಗುವ ಪ್ರತಿಯೊಂದು ಕಡೆಯೂ ರಬ್ಬರಿನ ಬುಷ್ ಬರಬೇಕು. ನಡುವಿನ ಬೋಲ್ಟು ಕೂಡ ಕಬ್ಬಿಣಕ್ಕೆ ಕಬ್ಬಿಣ ಮುಟ್ಟಿಸಬಾರದು. ನಾಲ್ಕರಲ್ಲಿ ಮೂರು ಕಡೆ ಹಾಕಿ ಒಂದನ್ನು ಬಿಟ್ಟರೆ ನಡುಕಕ್ಕೆ ಆ ಒಂದು ದಾರಿಯೇ ಸಾಕು. ಕಾರ್ಖಾನೆಯಲ್ಲೇ ಕೂರಿಸಿ ಬಂದ ರಕ್ಷಣಾ ಚೌಕಟ್ಟಿದ್ದರೆ ಅದಕ್ಕೆ ಮಾತ್ರ ರಂಧ್ರ ಕೊರೆಯುವುದಾಗಲಿ ವೆಲ್ಡ್ ಮಾಡುವುದಾಗಲಿ ಕೂಡದು. ಅದರ ಬಲ ಹೋಗುತ್ತದೆ.

ಎರಡನೆಯದು ತೂತುಗಳು. ಪೆಡಲುಗಳು, ಗೇರಿನ ಸರಳು, ಹೈಡ್ರಾಲಿಕ್ ಸನ್ನೆ, ಇವೆಲ್ಲ ನೆಲದ ತಗಡನ್ನು ಕೊರೆದುಕೊಂಡೇ ಬರುತ್ತವೆ. ಗೋಡೆ ಎಷ್ಟೇ ದಪ್ಪವಿರಲಿ, ನೂರರಲ್ಲಿ ಒಂದು ಪಾಲು ತೆರೆದಿದ್ದರೆ ಅದು 20 ಡೆಸಿಬೆಲಿಗಿಂತ ಹೆಚ್ಚು ತಡೆಯಲಾರದು. ಸದ್ದೂ ನೀರಿನಂತೆ, ಬಿಲ ಸಿಕ್ಕರೆ ಏರಿಯ ಎತ್ತರವನ್ನು ಕೇಳುವುದಿಲ್ಲ. ಸನ್ನೆಗಳಿಗೆ ರಬ್ಬರಿನ ಚೀಲ, ಬಾಗಿಲಿಗೆ ರಬ್ಬರಿನ ಅಂಚು, ನೆಲಕ್ಕೆ ತೂಕದ ರಬ್ಬರ್ ಚಾಪೆ, ಅಗಲವಾದ ತಗಡುಗಳ ಬೆನ್ನಿಗೆ ಡಾಂಬರು ಬೆರೆತ ಹಾಳೆ. ಈ ಹಾಳೆ ಸದ್ದನ್ನು ಹೀರುವುದಿಲ್ಲ, ತಗಡು ಕಂಪಿಸದಂತೆ ಅದರ ಮೈಮೇಲೆ ಕೈಯಿಟ್ಟಂತೆ ಒತ್ತಿಹಿಡಿಯುತ್ತದೆ.

ಒಳಮೈಗೆ ಮೆತ್ತನೆಯ ಹೊದಿಕೆ ಕೊನೆಯ ಕೆಲಸ. ನಮ್ಮವರು ಮೊದಲು ಮಾಡುವುದು ಅದನ್ನೇ. ಅದಕ್ಕೆ ಪೇಟೆಯ ಫೋಮೇ ಆಗಬೇಕೆಂದಿಲ್ಲ. ಚನ್ನರಾಯಪಟ್ಟಣದ ಸೀಮೆಯಲ್ಲಿ ತೆಂಗಿನ ನಾರಿಗೆ ಬರವಿಲ್ಲ. ಹದವಾಗಿ ಒತ್ತಿದ ನಾರಿನ ಹಾಸು, ಎರಡಂಗುಲ ದಪ್ಪವಿದ್ದರೆ, ಏರುಶ್ರುತಿಯ ಸದ್ದನ್ನು ಚೆನ್ನಾಗಿ ಹೀರುತ್ತದೆ. ಆದರೆ ನಾರಾಗಲಿ ಫೋಮಾಗಲಿ ಡೀಸೆಲು ಕುಡಿದರೆ ಬತ್ತಿಯಾಗುತ್ತದೆ. ನೆಲಕ್ಕೂ ಹೊಗೆಕೊಳವೆಯ ಬದಿಗೂ ಅದನ್ನು ಹಾಕಬಾರದು. ಸೂರಿನ ಒಳಮೈಗೆ ಸರಿ.

ಅರಕಲಗೂಡಿನ ಆ ಕ್ಯಾಬಿನ್ನನ್ನು ಬಿಚ್ಚಿ ಈ ಕ್ರಮದಲ್ಲಿ ಮತ್ತೆ ಕೂರಿಸಲು ಎರಡು ಭಾನುವಾರ ಹಿಡಿಯಿತು. ಮೊದಲ ಭಾನುವಾರ ರಬ್ಬರು ಹಾಕಿ ಎಂಜಿನು ಚಾಲೂ ಮಾಡಿದಾಗ ಗುಂಯ್‌ಕಾರ ಅರ್ಧ ಇಳಿದಿತ್ತು. ಹಳೆಯ ಫೋಮು ಅಲ್ಲಿಯೇ ಇತ್ತು. ಎರಡನೆಯ ಭಾನುವಾರದ ಸಂಜೆ ಕ್ಯಾಬಿನ್ನಿನಲ್ಲಿ ನಾವಿಬ್ಬರೂ ಕೂಗದೆ ಮಾತನಾಡಿದೆವು. ಕಾರ್ಖಾನೆಯಲ್ಲೇ ಕ್ಯಾಬಿನ್ನಿನೊಡನೆ ಬರುವ ಈಗಿನ ಒಳ್ಳೆಯ ಟ್ರ್ಯಾಕ್ಟರುಗಳಲ್ಲಿ ಚಾಲಕನ ಕಿವಿಗೆ ಮುಟ್ಟುವುದು 70ರಿಂದ 75 ಡೆಸಿಬೆಲ್. ನಮ್ಮದು ಅಷ್ಟಕ್ಕೆ ಇಳಿದಿರಲಾರದು. ಬಾಗಿಲು ಮುಚ್ಚಿದರೆ ಏಪ್ರಿಲ್ ತಿಂಗಳಲ್ಲಿ ಒಳಗೆ ಕುಲುಮೆ. ತೆರೆದರೆ ಮಾಡಿದ ಕೆಲಸವೆಲ್ಲ ಹೊರಗೆ. ತಣ್ಣನೆಯ ಗಾಳಿಯ ಯಂತ್ರ ಇಡೋಣವೆಂದರೆ ಅದರ ಬೀಸಣಿಗೆಗೂ ತನ್ನದೇ ಸದ್ದಿದೆ, ಬೆಲೆಯೂ ಇದೆ.

ಬರಿಯ ಟಾಪಿನವರಿಗೆ ಹೇಳುವುದು ಇಷ್ಟೇ. ಕೊಳವೆಗಳ ಬುಡಕ್ಕೆ ರಬ್ಬರು, ತಗಡಿನ ಒಳಮೈಗೆ ಹೊದಿಕೆ, ಸಡಿಲವಾದ ಮಡ್‌ಗಾರ್ಡಿನ ಬೋಲ್ಟುಗಳಿಗೆ ಬಿಗಿ. ಹೊಗೆಕೊಳವೆಯ ಬಾಯಿ ಸೂರಿನ ಮೇಲಿರಲಿ, ಚಾಲಕನ ಕಡೆಗೆ ತಿರುಗದಿರಲಿ. ಸೈಲೆನ್ಸರ್ ತೂತಾದರೆ ಬದಲಿಸಬೇಕು. ‘ಎಳೆತ ಜಾಸ್ತಿ’ ಎಂದು ಅದನ್ನು ಕಿತ್ತೆಸೆದು ಬರಿಯ ಕೊಳವೆ ಹಾಕಿಸಿಕೊಳ್ಳುವ ಹುಡುಗರಿದ್ದಾರೆ. ಅದರ ಮೇಲೆ ಮಡ್‌ಗಾರ್ಡಿಗೆ ಎರಡು ಸ್ಪೀಕರು ಕಟ್ಟಿ, ಎಂಜಿನನ್ನು ಮೀರಿಸುವಂತೆ ಸಿನಿಮಾ ಹಾಡು ಹಾಕುತ್ತಾರೆ. ಹಾಡು ಇಂಪಾಗಿದ್ದರೂ ರೋಮಕೋಶಕ್ಕೆ ಅದು ಸದ್ದೇ. ಕಿವಿಗೆ ಹತ್ತಿ ಇಟ್ಟುಕೊಂಡರೆ ಮನಸ್ಸಿಗೆ ಸಮಾಧಾನ, ಹೆಚ್ಚೇನೂ ತಡೆಯುವುದಿಲ್ಲ. ಕಿವಿಯ ಮೇಲೆ ಬಿಗಿಯಾಗಿ ಕೂರುವ ಮಫ್ ಅಥವಾ ಒಳಗೆ ತುಂಬಿ ಕೂರುವ ಬಿರಡೆಗಳು, ಸರಿಯಾಗಿ ಹಾಕಿಕೊಂಡರೆ, ಹದಿನೈದು ಇಪ್ಪತ್ತು ಡೆಸಿಬೆಲ್ ಇಳಿಸುತ್ತವೆ. ಕ್ಯಾಬಿನ್ನಿನ ಖರ್ಚಿನ ಮುಂದೆ ಇದು ಚಿಲ್ಲರೆ ಕಾಸು.

ಭಾವನವರ ಟ್ರ್ಯಾಕ್ಟರನ್ನು ಈಗ ಅವರ ಮಗ ಓಡಿಸುತ್ತಾನೆ. ಟಾಪಿನ ಬುಡಕ್ಕೆ ರಬ್ಬರು ಬಂದಿದೆ. ಮಫ್ ಹಾಕಿಕೊಂಡರೆ ಕಿವಿ ಬೆವರುತ್ತದೆಂದು ಗೊಣಗುತ್ತಾನೆ, ಊರಿನವರು ನಗುತ್ತಾರೆಂದು ಗದ್ದೆಗೆ ಇಳಿದ ಮೇಲೆಯೇ ಹಾಕಿಕೊಳ್ಳುತ್ತಾನೆ. ಊಟದ ಹೊತ್ತಿಗೆ ಭಾವನವರು ಬದುವಿನ ಮೇಲೆ ನಿಂತು ಟವೆಲು ಬೀಸುತ್ತಾರೆ. ಅವನು ಅದನ್ನು ಕಂಡು ಎಂಜಿನು ನಿಲ್ಲಿಸಿ, ಮಫ್ಫನ್ನು ಕೊರಳಿಗೆ ಇಳಿಸಿಕೊಂಡು, ಏನಪ್ಪಾ ಎಂದು ಕೇಳುತ್ತಾನೆ.