ಎಂಟು ಸೆಕೆಂಡಿಗಾಗಿ ಹತ್ತು ಕಿಲೊಮೀಟರ್

ಜನವರಿ 12, ನಸುಕಿನ ನಾಲ್ಕೂವರೆ. ಚನ್ನರಾಯನದುರ್ಗದ ಬೆಟ್ಟ ಮಂಜಿನಲ್ಲಿ ಮುಳುಗಿತ್ತು. ಶೂ ಲೇಸ್ ಕಟ್ಟಲು ಹೋದರೆ ಬೆರಳುಗಳೇ ಬಗ್ಗುತ್ತಿಲ್ಲ. ‘ಈ ಚಳೀಲಿ ಎಲ್ಲಿಗ್ ಹೊಂಟ್ಯಪ್ಪಾ? ಕೋಳಿನೂ ಎದ್ದಿಲ್ಲ’ ಎಂದು ಅಜ್ಜಿ ಕಂಬಳಿಯೊಳಗಿಂದಲೇ ಗದರಿದಳು. ‘ಓಡಾಕೆ ಕಣಜ್ಜಿ’ ಎಂದೆ. ‘ಹೋದ್ ಸಲ ಓಡಿದ್ದು ಸಾಲ್ದಾ?’

ಅಜ್ಜಿ ಕೇಳಿದ್ದು ಸರಿಯಾಗಿಯೇ ಇತ್ತು. ಹೋದ ಸಲ ಓಡಿದ್ದು ಸಾಲದೇ ಹೋಗಿತ್ತು. ಕಡಿಮೆ ಬಿದ್ದದ್ದು ಬರೀ ಎಂಟು ಸೆಕೆಂಡು!

ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಹುಡುಗರು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಎರಡು ವರ್ಷ ಗ್ರಂಥಾಲಯದಲ್ಲಿ ಕೂತು ಓದಿ, ಲಿಖಿತ ಪರೀಕ್ಷೆ ದಾಟಿ ಬಂದಿದ್ದೆ. ಸೀಟಿ ಊದಿದ್ದೇ ತಡ, ಮೊದಲ ಸುತ್ತನ್ನು 75 ಸೆಕೆಂಡಿಗೇ ಮುಗಿಸಿ ಎಲ್ಲರಿಗಿಂತ ಮುಂದಿದ್ದೆ. ಮೂರನೇ ಸುತ್ತಿಗೆ ಕಾಲು ಕಲ್ಲಾದವು. ಕೊನೆಯ ಸುತ್ತಿನಲ್ಲಿ ಹಿಂದಿದ್ದವರೆಲ್ಲ ಒಬ್ಬೊಬ್ಬರಾಗಿ ದಾಟಿ ಹೋದರು. 6 ನಿಮಿಷ 38 ಸೆಕೆಂಡು. ಮನೆಗೆ ಬಂದಾಗ ಅಪ್ಪ ಏನೂ ಕೇಳಲಿಲ್ಲ. ಹೊಲಕ್ಕೆ ಹೊರಟವರು ಬಾಗಿಲಲ್ಲಿ ನಿಂತು ‘ಉಂಡ್ಯಾ?’ ಎಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಆಮೇಲೆ ಮೂರು ತಿಂಗಳು ಶೂ ಮುಟ್ಟಲಿಲ್ಲ. ಯುವ ದಿನದ ಪ್ರಯುಕ್ತ 10 ಕಿ.ಮೀ. ರಸ್ತೆ ಓಟವಿದೆ ಎಂದು ಗೆಳೆಯನೊಬ್ಬ ನನ್ನ ಹೆಸರನ್ನೂ ಬರೆಸಿಬಂದ. ಗೆಲ್ಲುವ ಆಸೆಯೇನೂ ಇರಲಿಲ್ಲ. ಓಡಲು ಇನ್ನೂ ಬರುತ್ತದಾ ಎಂದು ತಿಳಿಯಬೇಕಿತ್ತು.

ಕೊರಟಗೆರೆ ತಲುಪಿದಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಬಾಯಿಂದ ಬೀಡಿ ಸೇದಿದಂತೆ ಹೊಗೆ ಬರುತ್ತಿತ್ತು. ನಾನು ಮಂಕಿ ಕ್ಯಾಪ್, ಸ್ವೆಟರ್, ಮೇಲೊಂದು ಜಾಕೆಟ್ ಹಾಕಿದ್ದೆ. ಪಕ್ಕದಲ್ಲಿ ನಿಂತಿದ್ದ, ಐವತ್ತು ದಾಟಿದ ಮಾಜಿ ಸೈನಿಕರೊಬ್ಬರು ಮೇಲಿಂದ ಕೆಳಗೆ ನೋಡಿ ನಕ್ಕರು. ‘ಒಂದು ಕಿಲೊಮೀಟರ್ ಆಗ್ಲಿ, ಎಲ್ಲಾ ಬಿಚ್ಚಿ ಸೊಂಟಕ್ಕೆ ಕಟ್ಕೋತೀಯ. ನಿಂತಾಗ ಸ್ವಲ್ಪ ಚಳಿ ಆಗ್ಬೇಕು, ಅಷ್ಟೇ ಬಟ್ಟೆ ಸಾಕು’ ಎಂದರು. ನಿಂತಲ್ಲೇ ಹತ್ತು ನಿಮಿಷ ಮೆಲ್ಲಗೆ ಜಾಗಿಂಗ್ ಮಾಡಿಸಿದರು. ಚಳಿಯಲ್ಲಿ ಸ್ನಾಯುಗಳು ಬಿಗಿದಿರುತ್ತವೆ, ಬಿಸಿಯಾಗದೆ ಓಡಿದರೆ ಹಿಡಿದುಕೊಳ್ಳುತ್ತವೆ ಎಂಬುದು ಅವರ ಪಾಠ. ಹೊರಡುವ ಮುನ್ನ ಹೇಳಿದ ಮಾತು ಮಾತ್ರ ತಲೆಯಲ್ಲಿ ಕೂತುಬಿಟ್ಟಿತು: ‘ಮೊದಲರ್ಧದಲ್ಲಿ ಸಾಲ ಮಾಡ್ಬೇಡ. ಎರಡನೇ ಅರ್ಧದಲ್ಲಿ ಬಡ್ಡಿ ಕಟ್ಟೋಕಾಗಲ್ಲ.’

ಓಟ ಶುರುವಾಯಿತು. ಹುಡುಗರೆಲ್ಲ ಬಾಣದಂತೆ ಹೋದರು. ನನ್ನ ಕಾಲೂ ಅತ್ತಲೇ ಎಳೆಯಿತು. ತಡೆದುಕೊಂಡು ಅವರ ಹಿಂದೆಯೇ ಉಳಿದೆ. ತಣ್ಣನೆ ಗಾಳಿ ಗಂಟಲನ್ನು ಗೀರುತ್ತಿತ್ತು, ಮೂಗು ಸೋರುತ್ತಿತ್ತು, ಕಿವಿ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಮೂರನೇ ಕಿಲೊಮೀಟರಿಗೆ ಮೈ ಬೆಚ್ಚಗಾಯಿತು. ಜಾಕೆಟ್ ಆಗಲೇ ಸೊಂಟ ಸೇರಿತ್ತು!

ಒಂದು ಕಡೆ ರಸ್ತೆಯ ಮೇಲೆಯೇ ರಾಗಿ ತೆನೆ ಹರಡಿದ್ದರು. ಇಬ್ಬನಿಗೆ ಒದ್ದೆಯಾದ ಹುಲ್ಲಿನ ಮೇಲೆ ಕಾಲು ಜಾರಿ, ಮಂಡಿಯೂರಿ ಬಿದ್ದೆ. ಅಲ್ಲೇ ಬೆಂಕಿ ಕಾಯಿಸುತ್ತಿದ್ದ ಹಿರಿಯರೊಬ್ಬರು ಕೂಗಿದರು: ‘ಯಾರೂ ಅಟ್ಟಿಸ್ಕಂಡ್ ಬರ್ತಿಲ್ವಲ್ಲೋ ಮಗಾ, ಯಾಕಿಂಗ್ ಓಡ್ತೀಯ?’ ನಗು ಬಂತು. ಮಂಡಿಯಲ್ಲಿ ರಕ್ತವೂ ಬಂತು. ಅಲ್ಲೇ ಕೂತುಬಿಡೋಣ ಅನ್ನಿಸಿತು.

ಆಗ ನೆನಪಾದದ್ದು ಯೂಕಿ ಕವಾಉಚಿ. ಜಪಾನಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕಚೇರಿ ನೌಕರರಾಗಿದ್ದವರು. ದಿನವಿಡೀ ಕೆಲಸ ಮಾಡಿ, ಉಳಿದ ಸಮಯದಲ್ಲಿ ಓಡುತ್ತಿದ್ದರು. 2018ರ ಏಪ್ರಿಲ್ 16ರಂದು ಬಾಸ್ಟನ್ ಮ್ಯಾರಥಾನ್ ನಡೆದಾಗ ಕೊರೆಯುವ ಚಳಿ, ಸುರಿಯುವ ಮಳೆ, ಎದುರುಗಾಳಿ. ಹೆಸರಾಂತ ಓಟಗಾರರೇ ಅನೇಕರು ಅರ್ಧಕ್ಕೆ ನಿಲ್ಲಿಸಿದರು. ನಿಲ್ಲಿಸದ ಕವಾಉಚಿ 2 ಗಂಟೆ 15 ನಿಮಿಷ 58 ಸೆಕೆಂಡಿನಲ್ಲಿ ಗುರಿ ಮುಟ್ಟಿ ಗೆದ್ದುಬಿಟ್ಟರು. ಅವರ ಅತ್ಯುತ್ತಮ ಸಮಯ ಅದಾಗಿರಲಿಲ್ಲ. ಆ ದಿನಕ್ಕೆ ಅಷ್ಟು ಸಾಕಾಗಿತ್ತು.

ಎದ್ದೆ. ಅರ್ಧ ದಾರಿ ಮುಗಿದಾಗ ಗಡಿಯಾರ 25 ನಿಮಿಷ 10 ಸೆಕೆಂಡು ತೋರಿಸುತ್ತಿತ್ತು. ಉಸಿರು ಹಿಡಿತದಲ್ಲಿತ್ತು. ಹಿಂದಿರುಗುವ ದಾರಿಯಲ್ಲಿ, ಬಾಣದಂತೆ ಹೋದವರು ಸೊಂಟ ಹಿಡಿದು ನಡೆಯುತ್ತಿರುವುದು ಕಂಡಿತು. ಅವರನ್ನು ದಾಟುವಾಗ ಖುಷಿಯಾಗಲಿಲ್ಲ. ಅವರಲ್ಲಿ ನನ್ನದೇ ಮುಖ ಕಂಡಂತಾಯಿತು. 48 ನಿಮಿಷ 40 ಸೆಕೆಂಡಿಗೆ ಮುಗಿಸಿದೆ. ಎರಡನೇ ಅರ್ಧ ಮೊದಲಿಗಿಂತ 1 ನಿಮಿಷ 40 ಸೆಕೆಂಡು ಬೇಗ! ಬಹುಮಾನ ಬರಲಿಲ್ಲ. ಸಿಕ್ಕಿದ್ದು ಬಾಳೆಹಣ್ಣು, ಬಿಸಿ ಉಪ್ಪಿಟ್ಟು ಮತ್ತು ಮಾಜಿ ಸೈನಿಕರಿಂದ ಬೆನ್ನ ಮೇಲೊಂದು ಏಟು. ಅವರು ನನಗಿಂತ ಎರಡು ನಿಮಿಷ ಮೊದಲೇ ಬಂದು ಟೀ ಕುಡಿಯುತ್ತಿದ್ದರು.

ಅಂದು ರಾತ್ರಿ ಲೆಕ್ಕ ಹಾಕಿದೆ. 6 ನಿಮಿಷ 30 ಸೆಕೆಂಡು ಎಂದರೆ ನಾಲ್ಕು ಸುತ್ತು, ಸುತ್ತಿಗೆ 97 ಸೆಕೆಂಡಿನ ಮೇಲೆ ಅರ್ಧ. ನಾನು ಮೊದಲ ಸುತ್ತಿನಲ್ಲೇ 22 ಸೆಕೆಂಡಿಗೂ ಹೆಚ್ಚು ಸಾಲ ಮಾಡಿದ್ದೆ. ಕಾಲಿನಲ್ಲಿ ಶಕ್ತಿ ಇತ್ತು. ಕೈಕೊಟ್ಟದ್ದು ಗಾಬರಿ.

ಮರುವಾರದಿಂದ ದಿನಾ ಬೆಳಿಗ್ಗೆ ಅದೇ ಅಭ್ಯಾಸ. ಮಾರ್ಚ್‌ನಲ್ಲಿ ಗೆಳೆಯ ಮೊಬೈಲ್ ಹಿಡಿದು ಸಮಯ ನೋಡಿದ. 97, 97, 96, 94. ಒಟ್ಟು 6 ನಿಮಿಷ 24 ಸೆಕೆಂಡು. ಮನೆಗೆ ಬಂದು ಹೇಳಿದೆ. ಅಪ್ಪ ಎಂದಿನಂತೆ ‘ಉಂಡ್ಯಾ?’ ಎಂದರು. ಸಂಜೆ ಪೇಟೆಯಿಂದ ಬಂದವರ ಕೈಯಲ್ಲಿ ಹೊಸ ಶೂ ಡಬ್ಬಿ ಇತ್ತು. ಒಂದು ಸೈಜ್ ದೊಡ್ಡದು. ದಪ್ಪ ಕಾಲುಚೀಲ ಹಾಕಿಕೊಂಡು ಓಡುತ್ತಿದ್ದೇನೆ.

ಮುಂದಿನ ಅರ್ಜಿ ಇನ್ನೂ ಕರೆದಿಲ್ಲ. ಕೆಲಸ ಸಿಕ್ಕೇ ಸಿಗುತ್ತದೆ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಸೀಟಿ ಊದಿದಾಗ ಯಾರು ಎಷ್ಟೇ ಜೋರಾಗಿ ಮುಂದೆ ಹೋದರೂ, ನನ್ನ ಮೊದಲ ಸುತ್ತು 97 ಸೆಕೆಂಡಿನದ್ದೇ.