ಹೊಳೆಯ ಕೆಲಸಕ್ಕೆ ಹೊರಟ ಮಗ

“ತೋಡು, ಹೊಳೆ ಎಂದು ತಿರುಗಿದರೆ ಸಂಬಳ ಯಾರು ಕೊಡುತ್ತಾರೆ ಮಾರಾಯರೇ?” ಹೀಗೆಂದು ಕೇಳಿದವರು ಬದಿಯಡ್ಕದ ಕಡೆಯ ಒಬ್ಬ ಅಡಿಕೆ ಕೃಷಿಕರು. ಅವರ ಮಗ ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ್ದಾನೆ. ಬೆಂಗಳೂರಿಗೆ ಹೋಗುವ ಬದಲು ನದಿ ಸಂರಕ್ಷಣೆಯ ತರಬೇತಿಗೆ ಅರ್ಜಿ ಹಾಕುತ್ತೇನೆಂದು ಹಟ ಹಿಡಿದಿದ್ದಾನಂತೆ. ತಂದೆಯ ಪ್ರಶ್ನೆ ತಪ್ಪಲ್ಲ. ಆದರೆ ಮಗನ ಹಟದಲ್ಲಿಯೂ ಅರ್ಥವಿದೆ. ಆದುದರಿಂದ ಈ ವಾರ ಗೊಬ್ಬರ, ಕೊಳೆರೋಗಗಳ ಮಾತನ್ನು ಬದಿಗಿಟ್ಟು ಇದನ್ನೇ ವಿಚಾರ ಮಾಡೋಣ.

ಕಾಸರಗೋಡು ಜಿಲ್ಲೆಯಲ್ಲಿ ಹನ್ನೆರಡು ನದಿಗಳಿವೆಯೆಂದು ಲೆಕ್ಕ. ಕೊಡಗಿನ ಕಡೆಯಿಂದ ಸುಳ್ಯವನ್ನು ಹಾದುಬರುವ ಪಯಸ್ವಿನಿಯೇ ಮುಂದೆ ಚಂದ್ರಗಿರಿಯಾಗುತ್ತದೆ. ಅದರ ಉದ್ದ ೧೦೫ ಕಿಲೋಮೀಟರು. ಮಂಜೇಶ್ವರದ ಹೊಳೆಯಾದರೋ ಬರೇ ೧೬ ಕಿಲೋಮೀಟರು, ಕೇರಳದಲ್ಲಿಯೇ ಅತಿ ಚಿಕ್ಕದು. ವರ್ಷಕ್ಕೆ ಸುಮಾರು ೩,೫೦೦ ಮಿಲಿಮೀಟರು ಮಳೆ ಸುರಿಯುವ ನಾಡಿದು. ಹಾಗಿದ್ದೂ ೨೦೧೭ರ ಅಂತರ್ಜಲ ಲೆಕ್ಕಾಚಾರದಲ್ಲಿ ಕಾಸರಗೋಡು ಬ್ಲಾಕು ವಿಷಮ ಸ್ಥಿತಿಯ ಪಟ್ಟಿಗೆ ಸೇರಿತು. ಬೇಸಗೆಯಲ್ಲಿ ಚಂದ್ರಗಿರಿಗೆ ಕಡಲಿನ ಉಪ್ಪು ನೀರೇರಿ, ಪೇಟೆಯವರ ನಳ್ಳಿಯಲ್ಲಿ ಅದೇ ಬರುತ್ತಿದ್ದುದನ್ನು ಯಾರು ಮರೆತಾರು? ಬಾವಿಕ್ಕೆರೆಯಲ್ಲಿ ವರ್ಷವರ್ಷವೂ ಮರಳಿನ ಚೀಲದ ತಡೆ ಹಾಕಿ ಹಾಕಿ, ೨೦೨೧ರಲ್ಲಿ ಶಾಶ್ವತ ಅಣೆಕಟ್ಟು ಮುಗಿಯಿತು. ಘಟ್ಟದಿಂದ ಕಡಲಿಗೆ ದೂರ ಕಡಿಮೆ, ಇಳಿಜಾರು ಹೆಚ್ಚು. ತಡೆದು ನಿಲ್ಲಿಸದ ನೀರು ನಮ್ಮದಲ್ಲ.

ಇದು ನಮ್ಮ ಹಿರಿಯರಿಗೆ ತಿಳಿಯದ್ದೇನೂ ಅಲ್ಲ. ತುಲಾ ಮಳೆ ನಿಂತ ಮೇಲೆ, ನವಂಬರ ದಶಂಬರದಲ್ಲಿ, ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಅಡಿಕೆ ಮರದ ಸಲಕೆಗಳಿಂದ ಕಟ್ಟ ಕಟ್ಟುವುದು ಎಷ್ಟೋ ತಲೆಮಾರುಗಳ ರೂಢಿ. ನಿಂತ ನೀರು ಎರಡು ದಡಗಳಿಗೂ ಇಂಗಿ ಬಾವಿಗಳಲ್ಲಿ ಮೇಲೇಳುತ್ತದೆ. ಮುಂದಿನ ಮಳೆಗಾಲಕ್ಕೆ ಕಟ್ಟ ತಾನಾಗಿ ಬಿಚ್ಚಿಕೊಳ್ಳುತ್ತದೆ. ಪಂಪುಸೆಟ್ಟು, ಕೊಳವೆ ಬಾವಿಗಳು ಬಂದ ಮೇಲೆ “ನನ್ನ ನೀರು ನನಗುಂಟು, ಹತ್ತು ಜನ ಯಾಕೆ ಸೇರಬೇಕು?” ಎಂಬ ಬುದ್ಧಿ ಹುಟ್ಟಿ ಅನೇಕ ಕಡೆ ಕಟ್ಟಗಳು ನಿಂತವು. ಕೊಳವೆ ಬಾವಿ ಆಳಕ್ಕಿಳಿದಷ್ಟೂ ಗುಡ್ಡೆಯ ಸುರಂಗಗಳೂ ಸೊರಗಿದವು. ಆದರೂ ಕುಂಬ್ಡಾಜೆ ಪಂಚಾಯತಿನ ಏತಡ್ಕದಂಥ ಕಡೆಗಳಲ್ಲಿ ಒಂದರ ಕೆಳಗೊಂದು ಸಾಲುಕಟ್ಟಗಳ ಪದ್ಧತಿ ಉಳಿದುಬಂತು. ವಾಣಿನಗರದ ಪತ್ರಕರ್ತರಾದ ಶ್ರೀ ಪಡ್ರೆಯವರು ಇಂಥವನ್ನು ಕುರಿತು ಬರೆದು, ಹೊರಗಿನವರೂ ಕಣ್ತೆರೆಯುವಂತೆ ಮಾಡಿದರು.

ಇನ್ನು ತರಬೇತಿಯ ವಿಷಯ. ಕೇರಳ ಸರಕಾರದ ಹರಿತ ಕೇರಳ ಮಿಷನ್ ೨೦೧೬ರ ದಶಂಬರದಲ್ಲಿ ಆರಂಭವಾಯಿತು. ‘ಇನ್ನು ನಾನು ಹರಿಯಲಿ’ ಎಂಬರ್ಥದ ಮಲೆಯಾಳ ಹೆಸರಿನಲ್ಲಿ ೨೦೧೯ರ ಕೊನೆಗೆ ತೋಡುಗಳನ್ನು ಶುಚಿ ಮಾಡುವ ಚಳುವಳಿಯನ್ನೂ ಹೂಡಿತು. ಈ ಮಿಷನ್ ಪರಿಸರ ವಿಜ್ಞಾನ, ಭೂವಿಜ್ಞಾನ, ಸಸ್ಯಶಾಸ್ತ್ರ, ಸಮಾಜಕಾರ್ಯ ಮೊದಲಾದವನ್ನು ಓದಿದ ತರುಣರನ್ನು ಆರು ತಿಂಗಳ ಅಭ್ಯಾಸಕ್ಕೆ ಕರೆದದ್ದುಂಟು. ಕೋಝಿಕ್ಕೋಡಿನಲ್ಲಿ ೧೯೭೮ರಿಂದ ಇರುವ ಜಲಸಂಪನ್ಮೂಲ ಸಂಶೋಧನ ಕೇಂದ್ರವೂ ನೀರಿನ ಶಾಸ್ತ್ರಕ್ಕೆ ಹೆಸರಾದದ್ದು. ಓದಿಗಾಗಿ ದೂರ ಹೋಗಬೇಕೆಂದಿಲ್ಲ: ೧೯೫೭ರಲ್ಲಿ ಸ್ಥಾಪನೆಯಾದ ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಭೂವಿಜ್ಞಾನವಿದೆ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನವಿದೆ.

ಅಭ್ಯಾಸಿಯ ಕೆಲಸ ಕುರ್ಚಿಯದಲ್ಲ. ತೋಡು ಹುಟ್ಟುವ ಗುಡ್ಡೆಯಿಂದ ಹೊಳೆ ಸೇರುವ ತನಕ ನಡೆಯಬೇಕು. ಎಲ್ಲಿ ದಡ ಕುಸಿದಿದೆ, ಎಲ್ಲಿ ಕಸ ಬಿದ್ದಿದೆ, ಹಿಂದೆ ಎಲ್ಲೆಲ್ಲಿ ಕಟ್ಟವಿತ್ತು ಎಂಬುದನ್ನು ನಕ್ಷೆಯಲ್ಲಿ ಗುರುತಿಸಬೇಕು. ಬಾವಿಗಳ ನೀರಿನ ಮಟ್ಟ ಅಳೆಯಬೇಕು. ನೀರು ಪರೀಕ್ಷೆಗೆ ಕೊಡಬೇಕು. ಗೇರು ತೋಪುಗಳ ಮೇಲೆ ೨೦೦೦ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರಿನವರಿಗೆ ಈ ಕೊನೆಯ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಹರಿವನ್ನು ಅಳೆಯುವ ಒಂದು ಸುಲಭ ಕ್ರಮವನ್ನು ಹೇಳುತ್ತೇನೆ. ಮನೆಯ ಮಕ್ಕಳೂ ಮಾಡಬಹುದು. ತೋಡು ನೆಟ್ಟಗೆ ಹರಿಯುವ ಕಡೆ ಹತ್ತು ಮೀಟರು ಅಳೆದು ಎರಡು ಗೂಟ ನೆಡಿ. ಮೇಲಿನ ಗೂಟದ ಬಳಿ ತೇಲುವ ಒಂದು ಕಾಯಿ ಬಿಟ್ಟು, ಕೆಳಗಿನ ಗೂಟ ಮುಟ್ಟಲು ಎಷ್ಟು ಸೆಕೆಂಡು ಬೇಕಾಯಿತೆಂದು ನೋಡಿ. ೨೫ ಸೆಕೆಂಡಾದರೆ ವೇಗ ಸೆಕೆಂಡಿಗೆ ೦.೪ ಮೀಟರು. ತೋಡಿನ ಅಗಲ ೨ ಮೀಟರು, ಸರಾಸರಿ ಆಳ ೦.೩ ಮೀಟರು ಇದ್ದರೆ ಮೂರನ್ನೂ ಗುಣಿಸಿ: ೦.೨೪. ತಳದ ನೀರು ಮೇಲಿನಷ್ಟು ಓಡುವುದಿಲ್ಲವಾದ್ದರಿಂದ ಇದನ್ನು ೦.೮ರಿಂದ ಗುಣಿಸತಕ್ಕದ್ದು. ಬಂದ ಉತ್ತರ ಸೆಕೆಂಡಿಗೆ ೧೯೨ ಲೀಟರು. ಒಂದು ಅಡಿಕೆ ಮರಕ್ಕೆ ಒಂದು ಸಲಕ್ಕೆ ಸುಮಾರು ೧೭೫ ಲೀಟರು ನೀರು ಬೇಕೆಂಬ ಲೆಕ್ಕವಿದೆ. ಎಂದರೆ, ನೀವು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಂದು ಮರದ ನೀರು ಕಡಲಿನ ದಾರಿ ಹಿಡಿದಿರುತ್ತದೆ!

ಇಲ್ಲಿ ನಮ್ಮ ಮಕ್ಕಳಿಗೊಂದು ಸ್ಥಾನವಿದೆ. ಮಲೆಯಾಳದ ನಮೂನೆ ಹಿಡಿದು ಬಂದ ಹುಡುಗನಿಗೆ ನಮ್ಮ ಅಜ್ಜ ತುಳುವಿನಲ್ಲಿಯೋ ಕನ್ನಡದಲ್ಲಿಯೋ “ಅಲ್ಲಿ ಮದಕವಿತ್ತು, ಇಲ್ಲಿ ಕಟ್ಟ ಹಾಕುತ್ತಿದ್ದೆವು” ಎಂದರೆ ಅವನು ಏನು ಬರೆದುಕೊಂಡಾನು? ಕಾಗದದಲ್ಲಿ ಬಾರದ ಮದಕಕ್ಕೆ ಯೋಜನೆಯೂ ಬಾರದು, ಹಣವೂ ಬಾರದು. ಎರಡೂ ಮೂರೂ ಭಾಷೆ ಬಲ್ಲ ಗಡಿನಾಡಿನ ಹುಡುಗ ಹುಡುಗಿಯರೇ ಇದಕ್ಕೆ ಬೇಕು. ಹಾಗೆಂದು ಮಲೆಯಾಳವನ್ನು ಕಲಿಯದೆ ಕುಳಿತರೆ ವರದಿ ಬರೆಯುವುದು ಕಷ್ಟ; ಈ ಮಾತು ಕೆಲವರಿಗೆ ರುಚಿಸದಿರಬಹುದು, ಆದರೂ ಹೇಳಲೇಬೇಕು. ಕನ್ನಡ, ಮಲೆಯಾಳ ಎರಡೂ ಬಲ್ಲವರಿಗೆಂದೇ ಲೋಕಸೇವಾ ಆಯೋಗ ನಮ್ಮ ಜಿಲ್ಲೆಯಲ್ಲಿ ಕೆಲವು ಹುದ್ದೆಗಳನ್ನು ಕರೆಯುವುದುಂಟು.

ತಂದೆಯವರ ಪ್ರಶ್ನೆಗೆ ನೇರ ಉತ್ತರ: ಅಭ್ಯಾಸದ ಕಾಲದಲ್ಲಿ ಸಿಗುವುದು ಹೆಚ್ಚೆಂದರೆ ಭತ್ಯೆ, ಸಂಬಳವಲ್ಲ. ಅದು ಮುಗಿದೊಡನೆ ಉದ್ಯೋಗ ಕಾದಿರುತ್ತದೆ ಎಂಬ ಭರವಸೆಯೂ ಇಲ್ಲ. ಆದರೆ ಮಣ್ಣು ಸಂರಕ್ಷಣೆ, ಅಂತರ್ಜಲ ಇಲಾಖೆಗಳ ಬಾಗಿಲು ತಟ್ಟುವಾಗ ಕೈಯಲ್ಲಿ ಪದವಿಯ ಜತೆಗೆ ತಾನೇ ಅಳೆದ ಒಂದು ತೋಡಿನ ಲೆಕ್ಕವಿದ್ದರೆ ಮಾತಿಗೆ ತೂಕ ಬರುತ್ತದೆ. ಅರ್ಜಿಗೆ ಮೊದಲು ಆ ವರ್ಷದ ಪ್ರಕಟಣೆಯನ್ನು ಪೂರ್ತಿ ಓದಬೇಕು. ವಿದ್ಯಾರ್ಹತೆ, ಅವಧಿ, ಭತ್ಯೆ ಎಲ್ಲವೂ ಬದಲಾಗಬಹುದು.

“ಹಾಗಾದರೆ ಈಗ ಏನು ಮಾಡಲಿ?” ಎಂದರು ಅವರು. ಕರೆ ಬರುವ ತನಕ ಮಗ ಮನೆಯ ಬಾವಿಯ ಮಟ್ಟವನ್ನು ವಾರಕ್ಕೊಮ್ಮೆ ಅಳೆದು ಪುಸ್ತಕದಲ್ಲಿ ಬರೆಯಲಿ, ಸಾಧ್ಯವಾದರೆ ಈ ನವಂಬರದಲ್ಲಿ ನೆರೆಕರೆಯವರನ್ನು ಸೇರಿಸಿ ಒಂದು ಕಟ್ಟ ಹಾಕಲಿ, ಕಟ್ಟದ ಮೊದಲಿನ ಮತ್ತು ನಂತರದ ಅಳತೆ ಎರಡೂ ಇರಲಿ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ತೋಡಿಗೆ ಕಟ್ಟ ಹಾಕದೆ ಹದಿನೆಂಟು ವರ್ಷವಾಯಿತು, ಆಚೆ ದಡದವರೊಡನೆ ನನಗೆ ಮಾತಿಲ್ಲ” ಎಂದರು. ಮಗನಿಗೆ ಆ ಮನೆಯವರೊಡನೆ ಮಾತಿದೆಯಂತೆ.